ಹಾಲಮ್ಮನ ಹಾಜರಿ

ಕಳೆದ ತಿಂಗಳು ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಕಡೂರಿಗೆ ಹೋಗುವಾಗ ನಮ್ಮ ಪ್ಯಾಸೆಂಜರ್ ಗಾಡಿ ಅಜ್ಜಂಪುರದಲ್ಲಿ ಬಹಳ ಹೊತ್ತು ನಿಂತಿತು. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಬೇಕಿತ್ತಂತೆ. ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿಗೆ ಈರುಳ್ಳಿ ಮೂಟೆ ತುಂಬುತ್ತಿದ್ದರು. ಮುಂಜಾನೆ ಒಂದು ಹದ ಮಳೆ ಬಿದ್ದು ಗೋಣಿಗಳೆಲ್ಲ ನೆನೆದಿದ್ದವು. ನೆನೆದ ಗೋಣಿ, ಹಸಿ ದಂಟು, ಅಲ್ಲಲ್ಲಿ ಕೊಳೆತ ಗೆಡ್ಡೆ ಎಲ್ಲ ಸೇರಿದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಎದುರಿಗೆ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲ ಬಳಿ ನಿಂತೆ. ಇಳಿದುಬಿಡೋಣ ಅನ್ನಿಸಿತು, ಇಳಿದು ಯಾರ ಮನೆಗೆ ಹೋಗುವುದು ಅಂತಲೂ ಅನ್ನಿಸಿತು. ಗಾಡಿ ಹೊರಟ ಮೇಲೂ ಬೀರೂರು ಬರುವ ತನಕ ನಿಂತೇ ಇದ್ದೆ.

ಆ ಕಡೆ ನಾನು ಕೆಲಸ ಮಾಡಿದ್ದು ಒಂದೇ ಒಂದು ವರ್ಷ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಿ.ಎಡ್. ಮುಗಿಸಿ ಕಡೂರಿನ ಮನೆಯಲ್ಲಿ ಕೂತಿದ್ದೆ. ಅಪ್ಪನದು ಕೊಬ್ಬರಿ ವ್ಯಾಪಾರ. ನಡುಮನೆಯ ತನಕ ಕೊಬ್ಬರಿ ಮೂಟೆ, ಮೂಟೆಗಳ ನಡುವೆ ನನ್ನ ಮದುವೆಯ ಮಾತು. ಅಷ್ಟರಲ್ಲಿ ಅಜ್ಜಂಪುರ ಸ್ಟೇಷನ್ನಿನಿಂದ ಮೈಲಿ ದೂರದ ಹಳ್ಳಿಯೊಂದರಲ್ಲಿ ಊರಿನವರೇ ನಡೆಸುತ್ತಿದ್ದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು ನಿವೃತ್ತರಾದರು. ಹೊಸಬರನ್ನು ಕಾಯಂ ಮಾಡಿಕೊಳ್ಳಲು ಸರ್ಕಾರದ ಮಂಜೂರಾತಿ ಬಂದಿರಲಿಲ್ಲ. ಅದು ಬರುವ ತನಕ ಹಂಗಾಮಿಯಾಗಿ ನನ್ನನ್ನು ತೆಗೆದುಕೊಂಡರು. ಅವಧಿ ಮುಗಿದಾಗಲೆಲ್ಲ ಆಡಳಿತ ಕಮಿಟಿಯ ಅಧ್ಯಕ್ಷರು ರುಜು ಹಾಕಿದರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ. ಪಕ್ಕದ ಕುರ್ಚಿಯ ಕಾಯಂ ಮೇಷ್ಟರು ಮಾಡುವುದಕ್ಕಿಂತ ಎರಡು ಪೀರಿಯಡ್ ಹೆಚ್ಚೇ ಪಾಠ ನನಗಿತ್ತು, ಸಂಬಳ ಅವರದರ ಅರ್ಧವೂ ಇರಲಿಲ್ಲ. ಆದರೂ ಮನೆಯಿಂದ ಹೊರಗೆ ಹೋಗಲು ಒಂದು ಕಾರಣ ಸಿಕ್ಕಿತಲ್ಲ ಎಂದು ಹಿಗ್ಗಿದೆ.

ಬೆಳಿಗ್ಗೆ ಕಡೂರಿನಲ್ಲಿ ಪ್ಯಾಸೆಂಜರ್ ಹತ್ತಬೇಕು. ಗಾಡಿ ತಡವಾದರೆ ಬೀರೂರಿನಿಂದಲೇ ಗಡಿಯಾರ ನೋಡುವುದು ಶುರು. ಅಜ್ಜಂಪುರದಲ್ಲಿ ಇಳಿದವಳೇ ಸೀರೆಯ ನೆರಿಗೆ ಎತ್ತಿ ಹಿಡಿದು ಕಪ್ಪು ಮಣ್ಣಿನ ದಾರಿಯಲ್ಲಿ ಓಡಿದಂತೆ ನಡೆಯುತ್ತಿದ್ದೆ. ಮಳೆ ಬಂದರೆ ಆ ಮಣ್ಣು ಚಪ್ಪಲಿಯನ್ನು ಹಿಡಿದು ಬಿಡುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಎಷ್ಟೋ ದಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದೇನೆ.

ಹೆಡ್‌ಮಾಸ್ಟರು ರುದ್ರಪ್ಪನವರು ಮೊದಲ ದಿನವೇ ಕರೆದು ಹೇಳಿದರು. “ಪಾಠ ಹೆಂಗಾದ್ರೂ ಮಾಡಮ್ಮ, ಹಾಜರಿ ಪುಸ್ತಕ ಮಾತ್ರ ಶುದ್ಧವಾಗಿಡು. ಹೊಡೆದು ತಿದ್ದೋದು ಇರಬಾರ್ದು. ಇನ್‌ಸ್ಪೆಕ್ಟ್ರು ಬಂದ್ರೆ ಮೊದಲು ಕೇಳೋದೇ ಅದನ್ನ.”

ಹತ್ತನೇ ಕ್ಲಾಸು ನನ್ನದಾಯಿತು. ಅದರಲ್ಲಿ ಹುಡುಗಿಯರು ಏಳೇ ಜನ. ಮುಂದಿನ ಬೆಂಚಿನಲ್ಲಿ ಶೈಲಾ, ಅಧ್ಯಕ್ಷರ ಮಗಳು. ಹಿಂದಿನ ಬೆಂಚಿನ ತುದಿಯಲ್ಲಿ ಹಾಲಮ್ಮ. ಊರಾಚೆ ಕೇರಿಯ ಹುಡುಗಿ. ಉದ್ದನೆಯ, ಬಡಕಲು ಮೈ. ಅವಳನ್ನು ನಾನು ಮೊದಲು ಗಮನಿಸಿದ್ದು ಒಂದು ತಪ್ಪಿನಿಂದ. ಬೋರ್ಡಿನ ಮೇಲೆ ಲೆಕ್ಕ ಮಾಡುತ್ತಾ ಉತ್ತರ ಬರದೆ ಬೆವರುತ್ತಿದ್ದೆ. ಪುಸ್ತಕವೇ ತಪ್ಪಿರಬೇಕು ಎಂದು ಹೇಳಿ ಜಾರಿಕೊಳ್ಳುವುದರಲ್ಲಿದ್ದಾಗ ಹಿಂದಿನಿಂದ ಸಣ್ಣ ದನಿ ಬಂತು. “ಮಿಸ್, ಮೂರನೇ ಸಾಲಲ್ಲಿ ಮೈನಸ್ಸು ಬಿಟ್ಟೋಗಿದೆ.” ಹುಡುಗರು ನಕ್ಕರು. ಅವಳು ನಗಲಿಲ್ಲ, ತಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ಆ ಸಂಜೆ ಗಾಡಿಯಲ್ಲಿ ನನಗೆ ಅವಮಾನಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ಒಬ್ಬಳಿಗಾದರೂ ಕಲಿಸುವುದಕ್ಕೆ ಏನೋ ಇದೆ ಅನ್ನಿಸಿತ್ತು.

ಆಗಸ್ಟಿನ ಹೊತ್ತಿಗೆ ಹಿಂದಿನ ಬೆಂಚು ಖಾಲಿಯಾಗತೊಡಗಿತು. ಈರುಳ್ಳಿ ಹೊಲಗಳಲ್ಲಿ ಕಳೆ ತೆಗೆಯುವ ಕಾಲ. ನಾಲ್ಕು ದಿನ ಬಂದರೆ ಎಂಟು ದಿನ ಇಲ್ಲ. ದಸರಾ ರಜೆ ಮುಗಿದು ಶಾಲೆ ತೆರೆದಾಗ ಈರುಳ್ಳಿ ಕೀಳುವುದು ಜೋರಾಗಿ, ಹಾಲಮ್ಮ ಪೂರಾ ಬರುವುದನ್ನೇ ಬಿಟ್ಟಳು. ಬೆಳಿಗ್ಗೆ ಹೆಸರು ಕೂಗುತ್ತಾ ಅವಳ ಹೆಸರಿನ ಮುಂದೆ ಗೈರು ಎಂದು ಬರೆಯುವಾಗ ಪೆನ್ನು ತಡೆಯುತ್ತಿತ್ತು. ಯಾರನ್ನು ಕೇಳಿದರೂ “ಹೊಲಕ್ಕೋಗವ್ಳೆ ಮಿಸ್” ಎನ್ನುತ್ತಿದ್ದರು. ಮಳೆ ಬಂದಿದೆ ಎಂದು ಹೇಳಿದ ಹಾಗೆ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊಲ ಹುಡುಕಿಕೊಂಡು ಹೊರಟೆ. ಹತ್ತು ಹದಿನೈದು ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಕಿತ್ತ ಈರುಳ್ಳಿಯ ದಂಟನ್ನು ಕುಡುಗೋಲಿನಿಂದ ಕೊಯ್ದು ಕೊಯ್ದು ಹಿಂದೆ ಎಸೆಯುತ್ತಿದ್ದರು. ಹಾಲಮ್ಮ, ಪಕ್ಕದಲ್ಲಿ ಅವಳವ್ವ ಸಣ್ಣಮ್ಮ. ಹಾಲಮ್ಮ ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು. ಸಣ್ಣಮ್ಮ ಕೈ ನಿಲ್ಲಿಸಲಿಲ್ಲ.

“ಬೈಯೋಕ್ ಬಂದ್ರಾ ಮಿಸ್?” ಅಂದಳು. “ನನ್ನ ಬೈಯಿ ತಾಯಿ, ಮಗೀನ ಬೈಬೇಡ. ಇವ್ಳಪ್ಪ ಶಿವಮೊಗ್ಗದ ಕಡೆ ಹೋದೋನು ವರ್ಷಕ್ಕೊಂದ್ ಸಲ ಮುಖ ತೋರುಸ್ತಾನೆ. ಇನ್ನೂ ಎರಡು ಚಿಕ್ಕವು ಅವೆ. ಈ ಎರಡು ತಿಂಗಳು ದುಡಿದ್ರೆ ಉಳಿದದ್ದಕ್ಕೆ ಹೆಂಗೋ ಆಯ್ತದೆ.”

ಅಲ್ಲೇ ಬದುವಿನ ಮೇಲೆ ಕೂತೆ. “ನೀನು ಕೊಯ್ತಾ ಇರು, ನಾನು ಹೇಳ್ತಾ ಇರ್ತೀನಿ” ಎಂದೆ. ಆಮೇಲೆ ಪ್ರತಿ ಶನಿವಾರ ಹಾಗೇ ನಡೆಯಿತು. ನಾನು ಲೆಕ್ಕ ಹೇಳುವುದು, ಅವಳು ದಂಟು ಕೊಯ್ಯುತ್ತಲೇ ಬಾಯಲ್ಲಿ ಬಿಡಿಸುವುದು. ತೀರಾ ಅಗತ್ಯವಾದರೆ ಕುಡುಗೋಲಿನ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು. ಉಳಿದ ಹೆಂಗಸರಿಗೆ ಅದೊಂದು ತಮಾಷೆಯಾಯಿತು. “ಎ ಪ್ಲಸ್ ಬಿ ಹೋಲ್ ಸ್ಕ್ವೇರ್” ಎಂದು ನಾನು ಶುರು ಮಾಡಿದರೆ, ಹಲ್ಲಿಲ್ಲದ ಒಂದು ಅಜ್ಜಿ ಸಾಲಿನ ಆ ತುದಿಯಿಂದ “ಟೂ ಎಬಿ ಬಿಟ್ಬಿಟ್ಟಿಯಾ ಹಾಲಿ” ಎಂದು ಕೂಗುತ್ತಿತ್ತು. ಹಾಲಮ್ಮನ ಪಕ್ಕದ ಗುಡಿಸಿಲಿನ ಅಜ್ಜಿ ಅದು. ಎಲ್ಲರೂ ನಗುತ್ತಿದ್ದರು, ಕಣ್ಣಲ್ಲಿ ಈರುಳ್ಳಿಯ ನೀರು ಇಳಿಯುತ್ತಲೇ ಇರುತ್ತಿತ್ತು.

ಆ ಹೊಲ ನಮ್ಮ ಅಧ್ಯಕ್ಷರದು ಎಂದು ನನಗೆ ತಿಳಿದದ್ದು ಎರಡನೆಯ ಶನಿವಾರ. ಮಲ್ಲೇಶಪ್ಪನವರು ಛತ್ರಿ ಹಿಡಿದು ಬಂದರು. ಕೆಟ್ಟವರಲ್ಲ. ಶಾಲೆಗೆ ಜಾಗ ಕೊಟ್ಟವರು, ಎರಡು ಕೊಠಡಿ ಕಟ್ಟಿಸಿದವರು. “ಏನಮ್ಮ, ಹೊಲದಲ್ಲೇ ಸ್ಕೂಲು ಶುರು ಮಾಡ್‌ಬಿಟ್ರಾ” ಎಂದು ನಕ್ಕು, ಮನೆಯಿಂದ ಮಜ್ಜಿಗೆ ತರಿಸಿದರು. ನನಗೆ ಸ್ಟೀಲ್ ಲೋಟದಲ್ಲಿ ಕೊಟ್ಟರು. ಹೆಂಗಸರು ಸಾಲಾಗಿ ಬಂದು ಬಗ್ಗಿ ಬೊಗಸೆ ಒಡ್ಡಿದರು, ಆಳು ಎತ್ತರದಿಂದ ಸುರಿದ. ಹಾಲಮ್ಮನೂ ಬೊಗಸೆಯಲ್ಲಿ ಕುಡಿದಳು. ನಾನು ಲೋಟ ಹಿಡಿದುಕೊಂಡು ಎಲ್ಲಿ ನೋಡಬೇಕೋ ತಿಳಿಯದೆ ದೂರದ ರೈಲುಹಳಿಯ ಕಡೆ ನೋಡಿದೆ. ಆದರೆ ಮಜ್ಜಿಗೆ ಕುಡಿದೆ. ಅಧ್ಯಕ್ಷರು ಹೋಗುವಾಗ ಹೇಳಿದರು. “ಪಾಠ ಹೇಳ್ಕೊಡಿ, ಬೇಡ ಅನ್ನಲ್ಲ. ಕೈ ಮಾತ್ರ ನಿಲ್ಲದಂಗೆ ನೋಡ್ಕೊಳಿ.”

ಜನವರಿಯಲ್ಲಿ ಪರೀಕ್ಷೆಯ ಅರ್ಜಿಗಳನ್ನು ಕಳಿಸುವ ಸಮಯ ಬಂತು. ಮುಕ್ಕಾಲು ಪಾಲು ಹಾಜರಿ ಇಲ್ಲದವರ ಅರ್ಜಿ ಕಳಿಸುವಂತಿಲ್ಲ. ಕಾಯಿಲೆ ಬಿದ್ದವರಾದರೆ ಡಾಕ್ಟರ ಸರ್ಟಿಫಿಕೇಟ್ ಇಟ್ಟು ವಿನಾಯಿತಿ ಕೇಳಬಹುದು. ಕೂಡಿ ನೋಡಿದರೆ ನನ್ನ ಕ್ಲಾಸಿನಲ್ಲಿ ಹಾಜರಿ ಕಡಿಮೆ ಬಿದ್ದವರು ನಾಲ್ವರು. ಇಬ್ಬರು ಹುಡುಗರು ಆಗಲೇ ಶಾಲೆ ಬಿಟ್ಟು ಲಾರಿ ಕ್ಲೀನರುಗಳಾಗಿದ್ದರು. ಉಳಿದವರು ಇಬ್ಬರೇ. ಹಾಲಮ್ಮ ಮತ್ತು ಶೈಲಾ.

ಶೈಲಾಗೆ ಮಳೆಗಾಲದಲ್ಲಿ ಕಾಮಾಲೆ ಆಗಿದ್ದು ನಿಜ. ಆದರೆ ಅದು ವಾಸಿಯಾದ ಮೇಲೆ ಅಕ್ಕನ ಮದುವೆ, ಮದುವೆಯ ಮೇಲೆ ಅಕ್ಕನ ಊರು ಎಂದು ಎಷ್ಟೋ ದಿನ ಬಂದಿರಲಿಲ್ಲ. ರುದ್ರಪ್ಪನವರು ನನ್ನನ್ನು ರೂಮಿಗೆ ಕರೆದು ಒಂದು ಸರ್ಟಿಫಿಕೇಟ್ ಮುಂದಿಟ್ಟರು. ಅದರಲ್ಲಿ ಅಷ್ಟೂ ದಿನ ಕಾಮಾಲೆಯೇ ಇತ್ತು.

“ಇದನ್ನ ಅರ್ಜಿ ಜೊತೆ ಸೇರ್ಸು. ಹಾಲಮ್ಮಂದು ಹೊಡೆದು ಹಾಕು.”

“ಸಾರ್, ಕ್ಲಾಸಿಗೆಲ್ಲ ಚೆನ್ನಾಗಿ ಲೆಕ್ಕ ಬರೋದು ಅವಳಿಗೇ.”

“ಗೊತ್ತಮ್ಮ. ನನಗೇನು ಕಣ್ಣಿಲ್ವಾ? ರೂಲು ನಾನು ಮಾಡಿದ್ದಾ? ಅವಳ ಹತ್ರ ಸರ್ಟಿಫಿಕೇಟ್ ಎಲ್ಲಿದೆ?” ಆಮೇಲೆ ಮೆಲ್ಲಗೆ ಹೇಳಿದರು. “ನಿನ್ನದೂ ಹಂಗಾಮಿ ಕೆಲಸ. ನೋಡ್ಕೊಂಡು ಹೆಜ್ಜೆ ಇಡು.”

ಎರಡು ದಿನ ಇದೇ ಕೆಲಸ. ಹಾಜರಿ ಪುಸ್ತಕ ತೆಗೆದು ನೋಡುವುದು, ಗೈರು ಎಂಬುದನ್ನು ತಿದ್ದಲು ಎಷ್ಟು ಹೊತ್ತು ಬೇಕು ಎಂದು ಯೋಚಿಸುವುದು, ಮತ್ತೆ ಮುಚ್ಚುವುದು. ಮೂರನೆಯ ದಿನ ಭಾನುವಾರ. ಸಣ್ಣಮ್ಮನನ್ನೂ ಹಾಲಮ್ಮನನ್ನೂ ಬಸ್ಸು ಹತ್ತಿಸಿಕೊಂಡು ತರೀಕೆರೆಗೆ ಹೋದೆ. ಅಲ್ಲಿ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದ ಒಬ್ಬ ವಯಸ್ಸಾದ ಡಾಕ್ಟರಿದ್ದರು, ಅಪ್ಪನಿಗೆ ಗೊತ್ತಿದ್ದವರು. ಕೂತು ನೇರವಾಗಿ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸುಳ್ಳು ಸರ್ಟಿಫಿಕೇಟ್ ನಾನು ಬರೆಯೋನಲ್ಲ. ನಿಮ್ಮಪ್ಪ ಬಂದು ಕೇಳಿದ್ರೂ ಇಲ್ಲ.”

ನಾನು ಎದ್ದೆ. ಅವರು ಕೂರಲು ಸನ್ನೆ ಮಾಡಿ, ಹಾಲಮ್ಮನನ್ನು ಹತ್ತಿರ ಕರೆದರು. ಅವಳ ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿದರು. ಉಗುರು ಒತ್ತಿ ನೋಡಿದರು. ನಾಲಿಗೆ ಚಾಚಲು ಹೇಳಿದರು. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

“ನಡೆದ್ರೆ ಏದುಸಿರು ಬತ್ತದೇನಮ್ಮ?”

“ಹ್ಞೂಂ.”

“ಬಗ್ಗಿ ಎದ್ರೆ ಕಣ್ಣು ಕತ್ತಲೆ ಕಟ್ತದಾ?”

“ದಿನಾ ಕಟ್ತದೆ. ಎಲ್ರಿಗೂ ಕಟ್ಟಲ್ವಾ?” ಅಂದಳು ಹಾಲಮ್ಮ.

ಡಾಕ್ಟರು ನನ್ನ ಕಡೆ ತಿರುಗಿದರು. “ಈ ಹುಡುಗಿ ಮೈಯಲ್ಲಿ ರಕ್ತ ಇಲ್ಲ. ಇವತ್ತಿಂದಲ್ಲ, ಎಷ್ಟೋ ತಿಂಗಳಿಂದ ಇಲ್ಲ. ಮಲಗಿಸಿ ಆರೈಕೆ ಮಾಡಬೇಕಾದವಳು. ಈ ಸ್ಥಿತಿಯಲ್ಲಿ ಇವಳು ಹೊಲದಲ್ಲಿ ಕೂತು ಕೆಲಸ ಮಾಡಿದ್ದೇ ಆಶ್ಚರ್ಯ. ಇದನ್ನ ಬರೆದುಕೊಡ್ತೀನಿ. ಕಾಯಿಲೆ ಇತ್ತು ಅನ್ನೋದು ನಿಜ. ರಜ ಹಾಕಿ ಮಲಗಿದ್ದಳು ಅಂತ ಮಾತ್ರ ಬರೆಯೋಲ್ಲ.” ಔಷಧಿಯನ್ನೂ ತಾವೇ ಕೊಟ್ಟರು. ಹೊರಗೆ ಬಂದ ಮೇಲೆ ಸಣ್ಣಮ್ಮ ಆ ಕಾಗದವನ್ನು ಹಿಡಿದು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು. “ಕಾಯ್ಲೆ ಅಂತ ಬರ್ದವ್ರಾ? ನಾನು ಇವ್ಳಿಗೆ ಸೋಮಾರಿ ಅಂತಿದ್ದೆ ಮಿಸ್” ಅಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗಳ ಕೈ ಬಿಡಲಿಲ್ಲ.

ಸೋಮವಾರ ಎರಡೂ ಸರ್ಟಿಫಿಕೇಟುಗಳನ್ನು ರುದ್ರಪ್ಪನವರ ಮುಂದಿಟ್ಟೆ. ಅಧ್ಯಕ್ಷರೂ ಅಲ್ಲೇ ಕೂತಿದ್ದರು. ಓದಿದವರೇ ಮಲ್ಲೇಶಪ್ಪನವರು ನಕ್ಕುಬಿಟ್ಟರು.

“ಏನಮ್ಮ ಇದು? ಆ ಹುಡ್ಗಿ ಈರುಳ್ಳಿ ಕಾಲದಾಗೆ ಒಂದಿನ ತಪ್ಪಿಸದಂಗೆ ನನ್ನ ಹೊಲದಲ್ಲೇ ಇದ್ಲು. ಊರಿಗೆಲ್ಲ ಗೊತ್ತು. ಕಾಯಿಲೆ ಅಂದ್ರೆ ಯಾರು ನಂಬ್ತಾರೆ?”

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. “ಹಾಗಾದ್ರೆ ಕಾಯಿಲೆ ಅನ್ನೋದು ಬೇಡ ಬಿಡಿ. ಗೈರುಹಾಜರಿಗೆ ಕಾರಣ, ಶಾಲೆಯ ಅಧ್ಯಕ್ಷರ ಹೊಲದಲ್ಲಿ ಕೂಲಿ ಕೆಲಸ ಅಂತ ಬರೆದು ಕಳಿಸ್ತೀನಿ. ಅದೂ ನಿಜವೇ.”

ಮಲ್ಲೇಶಪ್ಪನವರ ಮುಖದಲ್ಲಿ ಸಿಟ್ಟಿಗಿಂತ ನೋವಿತ್ತು. ಅವರ ಮಟ್ಟಿಗೆ ಅವರು ಆ ಮನೆಗೆ ಅನ್ನ ಕೊಟ್ಟವರು. “ಕೆಲಸ ಕೊಟ್ಟಿದ್ದೇ ತಪ್ಪಾಯ್ತು ಅನ್ನಿ” ಎಂದು ಎದ್ದು ಹೋದರು. ರುದ್ರಪ್ಪನವರು ಎರಡೂ ಅರ್ಜಿಗಳಿಗೆ ರುಜು ಹಾಕಿದರು. ತಲೆ ಎತ್ತಿ ನನ್ನನ್ನು ನೋಡಲಿಲ್ಲ.

ಅರ್ಜಿ ಹೋಯಿತು. ಆದರೆ ಅದೇ ವಾರದಿಂದ ಸಣ್ಣಮ್ಮನಿಗೆ ಕೂಲಿ ಸಿಗಲಿಲ್ಲ. ಮೇಸ್ತ್ರಿ ಬಂದು “ನಾಳೆಯಿಂದ ನಿಮ್ಮನೆಯವ್ರು ಬರೋದು ಬೇಡ” ಎಂದನಂತೆ. ನಾನು ಅಧ್ಯಕ್ಷರ ಮನೆಗೇ ಹೋಗಿ ಕೇಳಿದೆ. “ನಾನು ಹೇಳಿಲ್ಲಮ್ಮ. ಅದೆಲ್ಲ ಮೇಸ್ತ್ರಿ ಕಡೇದು” ಎಂದರು. ಅವರು ಹೇಳಿರಲಿಕ್ಕಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮಲ್ಲೇಶಪ್ಪನವರ ಹೊಲದಲ್ಲಿ ಬೇಡವಾದವರು ಉಳಿದವರಿಗೂ ಬೇಡವಾದರು. ಮಾರ್ಚ್ ಕೊನೆಯಲ್ಲಿ, ಪರೀಕ್ಷೆಯ ಹಿಂದಿನ ದಿನ, ಸಣ್ಣಮ್ಮ ಚಿಕ್ಕ ಮಕ್ಕಳಿಬ್ಬರನ್ನು ಕಟ್ಟಿಕೊಂಡು ಲಿಂಗದಹಳ್ಳಿಯ ಮೇಲಿನ ಕಾಫಿ ತೋಟವೊಂದಕ್ಕೆ ಹೊರಟಳು. ಹೊರಡುವ ಮುಂಚೆ ಶಾಲೆಗೆ ಬಂದು ನನ್ನ ಮುಂದೆ ನಿಂತಳು.

“ಬೆಳೆದ ಹೆಣ್ಣು ಹುಡ್ಗೀನ ಗುಡಿಸ್ಲಲ್ಲಿ ಒಂಟಿಯಾಗಿ ಹೆಂಗ್ ಬಿಟ್ಟೋಗ್ಲಿ ಮಿಸ್? ಪರೀಕ್ಷೆ ಬ್ಯಾಡ ಅಂದ್ರೆ ಅಳ್ತಾಳೆ.”

“ನಮ್ಮನೇಲಿ ಇರಲಿ. ದಿನಾ ನನ್ನ ಜೊತೆ ಗಾಡೀಲಿ ಬಂದು ಬರೀಲಿ” ಎಂದುಬಿಟ್ಟೆ. ಪರೀಕ್ಷೆಯ ಕೇಂದ್ರ ಅಜ್ಜಂಪುರದಲ್ಲೇ ಇತ್ತು. ಹೇಳುವಾಗ ನನಗೆ ಹೆಮ್ಮೆಯೇ ಆಗಿತ್ತು. ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಲು ಶುರು ಮಾಡಿದ್ದು ಗಾಡಿ ಹತ್ತಿದ ಮೇಲೆ.

ಅಮ್ಮ ಅವಳನ್ನು ಬಾಗಿಲಲ್ಲೇ ನೋಡಿ, ನನ್ನನ್ನು ಒಳಗೆ ಕರೆದಳು. “ಯಾವ ಕೇರಿ ಹುಡ್ಗಿ?” ಹೇಳಿದೆ. ಅಮ್ಮ ಬೈಯಲಿಲ್ಲ, ಕೂಗಾಡಲಿಲ್ಲ. ಕೊಬ್ಬರಿ ಮೂಟೆ ಇಡುವ ಹೊರಗಿನ ಕೋಣೆಯಲ್ಲಿ ಒಂದು ಚಾಪೆ ಹಾಸಿದಳು. ಅಟ್ಟದಿಂದ ಹಳೆಯ ಪಿಂಗಾಣಿ ತಟ್ಟೆಯೊಂದನ್ನು ಇಳಿಸಿ ತೊಳೆದಿಟ್ಟಳು. “ಪರೀಕ್ಷೆ ಮುಗಿಯೋ ತನಕ ತಾನೇ, ಇರಲಿ ಪಾಪ” ಎಂದಳು. ಎಲ್ಲರೂ ಒಂದೇ ಎಂದು ಮಠದಲ್ಲಿ ಕೇಳುತ್ತಾ ಬೆಳೆದವರು ನಾವು. ಅಪ್ಪ ವರ್ಷಕ್ಕೊಮ್ಮೆ ಮಠಕ್ಕೆ ಹೋಗಿ ಸಹಪಂಕ್ತಿಯಲ್ಲಿ ಕೂತು ಉಂಡು ಬರುತ್ತಿದ್ದರು. ಅವರೂ “ಓದೋ ಹುಡುಗಿ, ಇರಲಿ” ಎಂದು ಹೇಳಿ ಒಳಗೆ ಊಟಕ್ಕೆ ಕೂತರು. ಅಮ್ಮ ಜಗಲಿಗೆ ಹೋಗಿ ಹಾಲಮ್ಮನ ತಟ್ಟೆಗೆ ಎತ್ತರದಿಂದ ಬಡಿಸಿ ಬಂದಳು. ತುಪ್ಪವನ್ನೂ ಹಾಕಿದಳು. ನಾನು ಒಳಗೆ ನನ್ನ ಮಣೆಯ ಮೇಲೆ ಕೂತೆ. ಹಿತ್ತಲ ನಲ್ಲಿಯಲ್ಲಿ ಅವಳು ತನ್ನ ತಟ್ಟೆ ತೊಳೆಯುವ ಸದ್ದು ಕೇಳಿಸಿತು. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂರಬೇಕೆಂದು ಮೂರು ದಿನವೂ ಅಂದುಕೊಂಡೆ. ಮೂರು ದಿನವೂ ಅನ್ನ ಕಲಸುತ್ತಾ ಕೂತೆ. ಅಧ್ಯಕ್ಷರ ಎದುರು ಬಂದ ಮಾತು ಅಮ್ಮನ ಎದುರು ಬರಲಿಲ್ಲ.

ಮೂರನೆಯ ದಿನ ಗಣಿತದ ಪರೀಕ್ಷೆ. ಹಾಲಮ್ಮ ಹೊರಗೆ ಬಂದವಳು “ಎಲ್ಲಾ ಬರ್ದೆ ಮಿಸ್” ಎಂದಳು. ಇಬ್ಬರೂ ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರಂ ತಲುಪಿದ ಮೇಲೆ ಅವಳು ನಿಂತುಬಿಟ್ಟಳು.

“ಇವತ್ತಿಂದ ನಾನು ಕಡೂರಿಗೆ ಬರಲ್ಲ ಮಿಸ್. ಗುಡಿಸ್ಲಲ್ಲೇ ಇರ್ತೀನಿ. ಪಕ್ಕದಜ್ಜಿ ಜೊತೇಲಿ ಮಲಗ್ತದೆ.”

“ಅಮ್ಮ ಏನಾದ್ರೂ ಅಂದ್ರಾ?”

“ಇಲ್ಲ. ಹೊಟ್ಟೆ ತುಂಬ ಇಕ್ಕಿದ್ರು. ಅಷ್ಟು ತುಪ್ಪ ನಾನು ಯಾವತ್ತೂ ಉಂಡಿರ್ಲಿಲ್ಲ.” ಕೆಳಗೆ ನೋಡುತ್ತಾ ಹೆಬ್ಬೆರಳಿಂದ ಮಣ್ಣು ಕೆದಕಿದಳು. “ಮಿಸ್, ಮಲ್ಲೇಶಪ್ಪೋರ ಹೊಲದಲ್ಲಿ ಬೊಗಸೇಲಿ ಮಜ್ಜಿಗೆ ಕುಡಿಯೋವಾಗ ನಂಗೇನೂ ಅನ್ನಿಸ್ತಿರಲಿಲ್ಲ. ಅಲ್ಲಿ ನಾನು ಕೂಲಿಯೋಳು. ನಿಮ್ಮನೇಲಿ ನಾನು ನಿಮ್ಮ ಹುಡುಗಿ ಅಂದ್ಕೊಂಡಿದ್ದೆ.”

ಗಾಡಿ ಬಂತು. ನಾನು ಹತ್ತಿದೆ. ಅವಳು ಹಿಂದಿರುಗಿ ನೋಡದೆ ಹಳಿ ದಾಟಿ ಹೋದಳು. ಉಳಿದ ಪರೀಕ್ಷೆಗಳನ್ನು ಗುಡಿಸಿಲಿನಿಂದಲೇ ಹೋಗಿ ಬರೆದು, ಮುಗಿದ ಮಾರನೆಯ ದಿನ ತೋಟಕ್ಕೆ ಹೊರಟುಹೋದಳು.

ಏಪ್ರಿಲಿನಲ್ಲಿ ನನ್ನ ಅವಧಿ ಮುಗಿಯಿತು. ಮುಂದುವರಿಸುವ ಕಾಗದಕ್ಕೆ ರುಜು ಬೀಳಲಿಲ್ಲ. ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಜರಿ ಪುಸ್ತಕವನ್ನು ಒಪ್ಪಿಸುವಾಗ ರುದ್ರಪ್ಪನವರು ಹಾಳೆ ತಿರುವಿ ನೋಡಿ “ಒಂದೂ ತಿದ್ದಿಲ್ಲ” ಎಂದರು. ಮೆಚ್ಚಿದರೋ ಮರುಗಿದರೋ ತಿಳಿಯಲಿಲ್ಲ.

ಫಲಿತಾಂಶದ ದಿನ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಪೇಪರಿಗಾಗಿ ಬೆಳಿಗ್ಗೆಯಿಂದ ಕಾದೆ. ಎರಡನೇ ದರ್ಜೆಯ ಪಟ್ಟಿಯಲ್ಲಿ ಹಾಲಮ್ಮನ ನಂಬರಿತ್ತು. ಶೈಲಾಳದೂ ಇತ್ತು. ಮನೆಗೂ ಹೋಗದೆ ಸೀದಾ ತರೀಕೆರೆಯ ಬಸ್ಸು ಹತ್ತಿ, ಅಲ್ಲಿಂದ ಲಿಂಗದಹಳ್ಳಿಗೆ ಹೋಗಿ, ಕೇಳಿಕೊಂಡು ಕೇಳಿಕೊಂಡು ತೋಟದ ಕೂಲಿಯವರ ಸಾಲುಮನೆಗಳಿರುವ ಲೈನಿಗೆ ನಡೆದೆ. ಹಾಲಮ್ಮ ಮಣ್ಣು ಮೆತ್ತಿದ ಕೈಯಲ್ಲೇ ಪೇಪರು ಹಿಡಿದು ತನ್ನ ನಂಬರನ್ನು ನಾಲ್ಕು ಸಲ ನೋಡಿದಳು. ಸಣ್ಣಮ್ಮ ಅಕ್ಕಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದು “ನಮ್ಮ ಹಾಲಿ ಪೇಪರಲ್ಲವ್ಳೆ” ಎಂದು ತೋರಿಸಿದಳು.

ಗದ್ದಲ ಕಡಿಮೆಯಾದ ಮೇಲೆ ಹಾಲಮ್ಮ ಕೇಳಿದಳು. “ಕಾಲೇಜು ಎಲ್ಲೆಲ್ಲಿದೆ ಮಿಸ್?”

“ಕಡೂರಲ್ಲಿದೆ. ಚಿಕ್ಕಮಗಳೂರಲ್ಲೂ ಇದೆ.”

“ಕಡೂರಲ್ಲಿ ಇರೋಕೆ…” ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ಬಿಟ್ಟು “ವಿಚಾರಿಸ್ತೀನಿ” ಎಂದೆ. ಅವಳು ತಲೆಯಾಡಿಸಿದಳು.

ಆ ಒಂದು ಪದ ಕಡೂರಿನ ಮನೆಯಲ್ಲಿ ನನ್ನನ್ನು ಕೂರಗೊಡಲಿಲ್ಲ, ನಿಲ್ಲಗೊಡಲಿಲ್ಲ. ಹತ್ತು ದಿನ ಅಮ್ಮನ ಹಿಂದೆ ಮುಂದೆ ಓಡಾಡಿ, ಕೊನೆಗೆ ಅಡುಗೆಮನೆಯಲ್ಲಿ ಹೇಳಿಬಿಟ್ಟೆ. ಹಾಲಮ್ಮ ಇಲ್ಲೇ ಇದ್ದು ಓದಬೇಕು, ಒಳಗೆ ನಮ್ಮ ಜೊತೆಗೇ ಉಣ್ಣಬೇಕು, ಇಲ್ಲದಿದ್ದರೆ ನಾನೂ ಜಗಲಿಯಲ್ಲೇ ಉಣ್ಣುತ್ತೇನೆ ಎಂದೆ. ಅಮ್ಮ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಅಪ್ಪ ಅಂಗಡಿಯಿಂದ ತಡವಾಗಿ ಬರತೊಡಗಿದರು. ನಾಲ್ಕನೆಯ ದಿನ ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ, ನನ್ನ ಕಡೆ ನೋಡದೆ ಹೇಳಿದಳು. “ಕರ್ಕೊಂಡ್ ಬಾ. ಒಳಗೇ ಕೂತು ಉಣ್ಣಲಿ. ನಾನು ಆಮೇಲೆ ಉಣ್ತೀನಿ.”

ಅಷ್ಟನ್ನೇ ದೊಡ್ಡ ಗೆಲುವೆಂದುಕೊಂಡು ಮಾರನೆಯ ದಿನ ಮತ್ತೆ ತೋಟಕ್ಕೆ ಹೋದೆ. ಮುಂಗಾರು ಹಿಡಿದಿತ್ತು, ಲೈನಿನ ದಾರಿಯೆಲ್ಲ ಜಾರು. ಹಾಲಮ್ಮ ಅಲ್ಲಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರು ಚಿಕ್ಕಮಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಹಾಸ್ಟೆಲ್ ಇದೆ ಎಂದು ಹೇಳಿದ್ದೇ ತಡ, ತಾನೇ ಅರ್ಜಿ ಬರೆದು, ತಾನೇ ಹೋಗಿ ಸೀಟು ಕೇಳಿ, ಎರಡು ದಿನದ ಹಿಂದಷ್ಟೇ ಪೆಟ್ಟಿಗೆ ಹೊತ್ತು ಹೊರಟಿದ್ದಳು.

ಮುಂದೆ ಅವಳು ಓದಿ ಟೀಚರಾದಳು, ದಾವಣಗೆರೆಯ ಕಡೆ ಇದ್ದಾಳೆ, ಗಣಿತವನ್ನೇ ಹೇಳುತ್ತಾಳೆ ಎಂದು ಎಷ್ಟೋ ವರ್ಷದ ಮೇಲೆ ಯಾರಿಂದಲೋ ಕೇಳಿದೆ. ನನಗೂ ಮರುವರ್ಷ ಬೇರೆ ಜಿಲ್ಲೆಯಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಅವಳನ್ನು ಹುಡುಕಿಕೊಂಡು ನಾನು ಹೋಗಿಲ್ಲ, ಅವಳೂ ಬಂದಿಲ್ಲ. ಆದರೆ ಆ ಮಧ್ಯಾಹ್ನ ಇದೊಂದೂ ನನಗೆ ಗೊತ್ತಿರಲಿಲ್ಲ. ಸಣ್ಣಮ್ಮನ ಬಾಗಿಲಲ್ಲಿ ಒದ್ದೆ ಸೀರೆಯಲ್ಲಿ ನಿಂತಿದ್ದೆ.

“ನೀವು ಬತ್ತೀರ ಅಂತ ಅಂದಿದ್ಲು ಮಿಸ್” ಅಂದಳು ಸಣ್ಣಮ್ಮ.

“ಏನಾದ್ರೂ ಹೇಳಿ ಹೋದ್ಲಾ?”

“ಹೇಳೋಗವ್ಳೆ. ‘ಮಿಸ್ಸು ಬಂದ್ರೆ ಹೇಳವ್ವ, ನನ್ನ ಸಲುವಾಗಿ ಅವ್ರಮ್ಮನ ಜೊತೆ ಜಗಳ ಆಡ್ಕೊಬ್ಯಾಡಿ ಅಂತ’ ಅಂದ್ಲು.”

ನನಗೆ ಮೊದಲು ಬಂದದ್ದು ಒಂದು ನಿಟ್ಟುಸಿರು. ಹಾಲಮ್ಮ ಒಳಗೆ ಮಣೆಯ ಮೇಲೆ ಕೂತು, ಅಮ್ಮ ಮೂಲೆಯಲ್ಲಿ ನಿಂತು ತನ್ನ ಸರದಿ ಕಾಯುವ ಆ ದಿನಗಳನ್ನು ನಾನಿನ್ನು ನೋಡಬೇಕಾಗಿರಲಿಲ್ಲ. ಸಮಾಧಾನದ ನಿಟ್ಟುಸಿರು ಅದು, ಎಷ್ಟು ದೊಡ್ಡದಾಗಿ ಬಂತೆಂದರೆ ಸಣ್ಣಮ್ಮನಿಗೂ ಕೇಳಿಸಿತು.

“ದಣಿದಿದ್ದೀರಿ ಮಿಸ್” ಎಂದು ಅವಳು ಬಾಗಿಲಿಂದ ಸರಿದು ದಾರಿ ಮಾಡಿದಳು. “ಒಳಗೆ ಬನ್ನಿ.”